ಮೈಗ್ರೇನ್‌ಗೆ ನರದ ಸೂಜಿ, ಬೊಟಾಕ್ಸ್, ಆಪರೇಷನ್: ಒಂದು ವರ್ಷದ ಲೆಕ್ಕ ಹಾಕಿ ಆರಿಸುವುದು ಹೇಗೆ

ಗುಳಿಗೆ ನುಂಗಿ ನುಂಗಿ ಸಾಕಾದವರಿಗೆ ಡಾಕ್ಟರು ಈಗ ಬೇರೆ ಬೇರೆ ಹೆಸರು ಹೇಳುತ್ತಾರೆ. ಆಕ್ಸಿಪಿಟಲ್ ಬ್ಲಾಕ್ (ಹಿಂದಲೆಯ ನರವನ್ನು ಮರಗಟ್ಟಿಸುವ ಸೂಜಿ), ಬೊಟಾಕ್ಸ್, ಮೂಗಿನ ಬ್ಲಾಕ್, ರೇಡಿಯೋಫ್ರೀಕ್ವೆನ್ಸಿ, ತೋಳಿಗೆ ಕಟ್ಟುವ ಮಷಿನ್, ಕೊನೆಗೆ ಆಪರೇಷನ್. ಬಳ್ಳಾರಿಯಲ್ಲಿ ಒಬ್ಬರು ಒಂದು ಹೇಳಿದರೆ, ಹೈದರಾಬಾದಿಗೆ ಹೋದಾಗ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ಯಾವುದು ಒಳ್ಳೆಯದು ಅಂತ ಕೇಳಿದರೆ "ನಿಮಗೆ ಯಾವುದು ಅನುಕೂಲವೋ ನೋಡಿ" ಎಂಬ ಉತ್ತರ ಬರುತ್ತದೆ. ಆ ಅನುಕೂಲ ನೋಡುವುದು ಹೇಗೆ ಅಂತ ಮಾತ್ರ ಯಾರೂ ಕೂತು ಹೇಳುವುದಿಲ್ಲ.

ನಾನು ಡಾಕ್ಟರಲ್ಲ. ನಮ್ಮ ಅತ್ತಿಗೆಗೆ ವರ್ಷಗಳಿಂದ ಮೈಗ್ರೇನ್ ಇದೆ. ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತಾರೆ, ಟ್ಯೂಬ್‌ಲೈಟ್ ಕೆಳಗೆ, ಮಷಿನ್ ಸದ್ದಿನಲ್ಲಿ, ಕತ್ತು ಬಗ್ಗಿಸಿಕೊಂಡು. ಆಸ್ಪತ್ರೆಗೆ ಅವರ ಜೊತೆ ಹೋಗುವವನು, ಫೈಲ್ ಹಿಡಿಯುವವನು, ಪ್ರಶ್ನೆ ಕೇಳುವವನು ನಾನು. ಹಾಗಾಗಿ ಇಲ್ಲಿ ಇರುವುದು ಜೊತೆಗೆ ಹೋಗುವವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲೇ ಮುಖ್ಯ ಮಾತು ಹೇಳಿಬಿಡುತ್ತೇನೆ. ಈ ಚಿಕಿತ್ಸೆಗಳನ್ನು ಒಂದು ಸಲದ ಖರ್ಚು, ಒಂದು ಸಲದ ಆರಾಮ ನೋಡಿ ಹೋಲಿಸಬೇಡಿ. ಒಂದು ವರ್ಷಕ್ಕೆ ಹೋಲಿಸಿ. ಯಾಕಂದರೆ ಸೂಜಿಯಲ್ಲಿ ಯಾವುದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೆಲವು ವಾರ ಅಥವಾ ಕೆಲವು ತಿಂಗಳಾದ ಮೇಲೆ ಮತ್ತೆ ಮಾಡಿಸಬೇಕು. ಮೊದಲ ಸಲ ಸಾಲ ಮಾಡಿ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು, ಎರಡನೇ ಸಲಕ್ಕೆ ದುಡ್ಡೂ ಇಲ್ಲ, ರಜೆಯೂ ಇಲ್ಲ ಅಂತ ಬಿಟ್ಟುಬಿಟ್ಟರೆ ಮೊದಲನೆಯದೂ ನೀರುಪಾಲು.

ಮೊದಲು ಕ್ಯಾಲೆಂಡರ್

ಸೂಜಿಯ ಮಾತು ಎತ್ತುವ ಮುಂಚೆ ನಿಮ್ಮದು ನಿಜವಾಗಿ ಕ್ರಾನಿಕ್ ಮೈಗ್ರೇನ್ ಹೌದೋ ಅಲ್ಲವೋ ಗೊತ್ತಾಗಬೇಕು. ಅದಕ್ಕೆ ಅಳತೆ ಇದೆ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಲೆನೋವು ಇರಬೇಕು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ ಇರಬೇಕು, ಹೀಗೆ 3 ತಿಂಗಳಿಗಿಂತ ಜಾಸ್ತಿ ನಡೆದಿರಬೇಕು. ಮೈಗ್ರೇನ್ ಲಕ್ಷಣ ಅಂದರೆ ಒಂದೇ ಕಡೆ ಬಡಿದುಕೊಳ್ಳುವ ನೋವು, ವಾಕರಿಕೆ, ಬೆಳಕು-ಸದ್ದು ತಡೆಯಲಾಗದಿರುವುದು, ಮೆಟ್ಟಿಲು ಹತ್ತಿದರೂ ನೋವು ಏರುವುದು, ಇಂಥವು. ತಿಂಗಳಿಗೆ ನಾಲ್ಕೈದು ದಿನ ಬರುವ ಅರೆತಲೆನೋವು ಎಷ್ಟೇ ಜೋರಾಗಿದ್ದರೂ ಅದು ಕ್ರಾನಿಕ್ ಅಲ್ಲ. ಅದಕ್ಕೆ ಬೊಟಾಕ್ಸ್ ಕೆಲಸ ಮಾಡುತ್ತದೆ ಅಂತ ಸಾಬೀತಾಗಿಲ್ಲ.

ಅಡುಗೆಮನೆ ಗೋಡೆಯ ಮೇಲೆ ತೂಗುವ ಪಂಚಾಂಗದ ಕ್ಯಾಲೆಂಡರ್ ಇರುತ್ತದಲ್ಲ, ಅದೇ ಸಾಕು, ಆ್ಯಪ್ ಬೇಡ. ತಲೆನೋವು ಬಂದ ದಿನಕ್ಕೆ ಒಂದು ಗೀಟು. ಜೋರಾಗಿ ಬಂದು ಮಲಗಿದ ದಿನಕ್ಕೆ ಎರಡು ಗೀಟು. ಗುಳಿಗೆ ನುಂಗಿದ ದಿನಕ್ಕೆ ಒಂದು ಸುತ್ತು. ನಮ್ಮ ಮನೆಯಲ್ಲಿ ಒಂದು ಪೆನ್ಸಿಲನ್ನು ದಾರ ಕಟ್ಟಿ ಕ್ಯಾಲೆಂಡರಿಗೇ ತೂಗುಬಿಟ್ಟಿದ್ದೇವೆ, ಇಲ್ಲದಿದ್ದರೆ ಮಕ್ಕಳು ಪೆನ್ಸಿಲ್ ಒಯ್ಯುತ್ತಾರೆ, ಆಮೇಲೆ ಬರೆದರಾಯಿತು ಅಂತ ಮರೆತೇ ಹೋಗುತ್ತದೆ. ಮುಟ್ಟಿನ ದಿನಗಳನ್ನೂ ಗುರುತು ಹಾಕಿ. ಇದು ಮುಂದೆ ನಿಮಗೆ ಇರುವ ಒಂದೇ ಸಾಕ್ಷಿ. "ಈಗ ಸ್ವಲ್ಪ ಪರವಾಗಿಲ್ಲ ಅನಿಸುತ್ತೆ" ಅನ್ನುವುದರ ಮೇಲೆ ಹತ್ತಾರು ಸಾವಿರ ಖರ್ಚು ಮಾಡಬಾರದು.

ಆ ಸುತ್ತುಗಳನ್ನು ಎಣಿಸಿ. ಬರೀ ಪ್ಯಾರಾಸಿಟಮಾಲ್ ತರಹದ ಗುಳಿಗೆ ತಿಂಗಳಿಗೆ 15 ದಿನ ಅಥವಾ ಜಾಸ್ತಿ ಆಗುತ್ತಿದ್ದರೆ, ಇಲ್ಲವೇ ಮೈಗ್ರೇನ್‌ಗೇ ಅಂತ ಕೊಡುವ ಟ್ರಿಪ್ಟಾನ್, ಎರ್ಗಾಟಮೀನ್, ಎರಡು ಮೂರು ಔಷಧಿ ಸೇರಿಸಿದ ಗುಳಿಗೆ 10 ದಿನ ಅಥವಾ ಜಾಸ್ತಿ ಆಗುತ್ತಿದ್ದರೆ, ಗುಳಿಗೆಯೇ ತಲೆನೋವು ತರುತ್ತಿರುವ ಸಾಧ್ಯತೆ ಇದೆ. ಅಂಗಡಿಯಲ್ಲಿ "ತಲೆನೋವಿನ ಗುಳಿಗೆ ಕೊಡಿ" ಅಂದರೆ ಸಿಗುವ ಎಷ್ಟೋ ಪಟ್ಟಿಗಳಲ್ಲಿ ಕೆಫೀನ್ ಸೇರಿಸಿರುತ್ತಾರೆ. ಡಾಕ್ಟರ್ ಬರೆದುಕೊಡುವ ವ್ಯಾಸೋಗ್ರೇನ್‌ನಲ್ಲಿ ಎರ್ಗಾಟಮೀನ್ ಇದೆ, ಕೆಫೀನ್ ಇದೆ, ಪ್ಯಾರಾಸಿಟಮಾಲೂ ಇದೆ. ಇದು ನಮ್ಮ ಕಡೆ ತುಂಬಾ ಜನರ ಕಥೆ. ಬಿಸಿಲಿಗೆ ತಲೆನೋವು ಬಂತು ಅಂತ ಒಂದು, ಊಟ ತಪ್ಪಿತು ಅಂತ ಒಂದು, ಕೆಲಸಕ್ಕೆ ಹೋಗಲೇಬೇಕು ಅಂತ ಬೆಳಿಗ್ಗೆ ಎದ್ದ ಕೂಡಲೇ ಮುಂಜಾಗ್ರತೆಗೆ ಒಂದು. ಇದನ್ನು ಸರಿಪಡಿಸದೆ ನರಕ್ಕೆ ಸೂಜಿ ಹಾಕಿಸಿಕೊಂಡರೆ ಸೂಜಿಯ ಗುಣ ಎಷ್ಟು ಅಂತಲೇ ತಿಳಿಯುವುದಿಲ್ಲ. ಬಿಡುವುದನ್ನೂ ಡಾಕ್ಟರನ್ನು ಕೇಳಿಯೇ ಬಿಡಿ, ಮೊದಲ ಒಂದೆರಡು ವಾರ ನೋವು ಜಾಸ್ತಿಯಾಗುತ್ತದೆ. ಆ ಹೊತ್ತಿಗೆ ಆಸರೆಯಾಗಿ ಬ್ಲಾಕ್ ಹಾಕುವ ಡಾಕ್ಟರುಗಳೂ ಇದ್ದಾರೆ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಡಿಲು ಬಡಿದ ಹಾಗೆ ಒಂದೇ ನಿಮಿಷದಲ್ಲಿ ತಾರಕಕ್ಕೇರಿದ ನೋವು, ಜ್ವರದ ಜೊತೆ ಕತ್ತು ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, 50 ವರ್ಷ ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಬಸುರಿ ಅಥವಾ ಬಾಣಂತಿಗೆ ಹೊಸ ತರಹದ ನೋವು. ಇಂಥದ್ದು ಇದ್ದರೆ ಈ ಬರಹ ಬದಿಗಿಟ್ಟು ನೇರ ದೊಡ್ಡಾಸ್ಪತ್ರೆಗೆ ಹೋಗಿ.

ಕಣ್ಣಿನ ಹತ್ತಿರ ನೋವು, ಸೂಜಿ ಯಾಕೆ ಹಿಂದಲೆಗೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹಣೆ, ಕಣ್ಣು, ಕಪಾಳದ ನೋವನ್ನು ಹೊತ್ತು ತರುವುದು ಟ್ರೈಜೆಮಿನಲ್ ನರ. ಹಿಂದಲೆಯ ನೋವನ್ನು ತರುವುದು ಕತ್ತಿನ ಮೇಲ್ಭಾಗದಿಂದ ಹೊರಡುವ ಗ್ರೇಟರ್ ಆಕ್ಸಿಪಿಟಲ್ ನರ. ಎರಡೂ ಮೆದುಳಿನ ಕಾಂಡದ ಕೆಳಗೆ, ಕತ್ತಿನ ಹುರಿಯ ಮೇಲ್ತುದಿಯಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಎರಡು ಹಳ್ಳ ಕೂಡಿದ ಮೇಲೆ ಕೆಳಗೆ ನಿಂತವನಿಗೆ ಯಾವ ಹಳ್ಳದ ನೀರು ಯಾವುದು ಅಂತ ತಿಳಿಯುವುದಿಲ್ಲ, ಹಾಗೆಯೇ ಮೆದುಳಿಗೂ. ಹಿಂದಿನ ನರವನ್ನು ಮರಗಟ್ಟಿಸಿದರೆ ಆ ಕೂಡುವ ಜಾಗದ ಗದ್ದಲ ಕಡಿಮೆಯಾಗಿ, ಮುಂದಿನ ನೋವೂ ಇಳಿಯುತ್ತದೆ. ಬ್ಲಾಕ್ ನಿಂತಿರುವುದು ಇದರ ಮೇಲೆ.

ಆಕ್ಸಿಪಿಟಲ್ ಬ್ಲಾಕ್

ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಗಳವರು ಮೊದಲು ಕೇಳಬೇಕಾದದ್ದು ಇದನ್ನೇ. ಅಗ್ಗ, ಬೇಗ ಮುಗಿಯುತ್ತದೆ, ಅಡ್ಮಿಟ್ ಬೇಡ, ಕೆಲಸ ಮಾಡದಿದ್ದರೆ ದೊಡ್ಡ ನಷ್ಟವೂ ಇಲ್ಲ.

ಮಾಡುವುದು ಹೀಗೆ. ಕುರ್ಚಿಯಲ್ಲಿ ಕೂರಿಸಿ ತಲೆ ಮುಂದಕ್ಕೆ ಬಗ್ಗಿಸುತ್ತಾರೆ. ಹಿಂದಲೆಯ ನಡುವೆ ಒಂದು ಉಬ್ಬು ಕೈಗೆ ಸಿಗುತ್ತದೆ, ಕಿವಿ ಹಿಂದೆ ಇನ್ನೊಂದು ಎಲುಬಿನ ಉಬ್ಬು ಇರುತ್ತದೆ. ಇವೆರಡರ ನಡುವೆ ಗೆರೆ ಎಳೆದರೆ, ನಡುವಿನ ಉಬ್ಬಿನಿಂದ ಸುಮಾರು ಮೂರನೇ ಒಂದು ಭಾಗದಷ್ಟು ದೂರದಲ್ಲಿ ನರ ಸಿಗುತ್ತದೆ. ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ಹುಡುಕುತ್ತಾರೆ, ಸರಿಯಾದ ಜಾಗಕ್ಕೆ ಬಂದಾಗ ಕಣ್ಣಿನವರೆಗೆ ಚಳುಕು ಹೊಡೆಯಬಹುದು. ಆಗ "ಹಾ, ಅದೇ" ಅಂತ ಬಾಯಿಬಿಟ್ಟು ಹೇಳಿ. ಪಕ್ಕದಲ್ಲೇ ರಕ್ತನಾಳ ಇರುವುದರಿಂದ ಸೂಜಿ ಚುಚ್ಚಿ ಒಮ್ಮೆ ಹಿಂದಕ್ಕೆಳೆದು, ರಕ್ತ ಬರುತ್ತಿಲ್ಲ ಅಂತ ನೋಡಿಕೊಂಡು, ಲಿಡೋಕೇನ್ ಅಥವಾ ಬುಪಿವಕೇನ್ ಎರಡು ಮೂರು ಎಂಎಲ್ ಬಿಡುತ್ತಾರೆ. ಕೆಲವು ನಿಮಿಷದಲ್ಲಿ ಹಿಂದಲೆ ಮರಗಟ್ಟುತ್ತದೆ. ನಮ್ಮ ಅತ್ತಿಗೆ ಸಂಜೆ ಜಡೆ ಹಾಕಿಕೊಳ್ಳುವಾಗ ಬಾಚಣಿಗೆ ಆಡಿದ್ದೇ ಗೊತ್ತಾಗದೆ, ಇದು ನನ್ನ ತಲೆ ಅಲ್ಲ ಅನಿಸುತ್ತಿದೆ ಅಂದರು. ಆ ಮರಗಟ್ಟುವಿಕೆ ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಆರಾಮ ಮಾತ್ರ ಅದಕ್ಕಿಂತ ಎಷ್ಟೋ ದಿನ ಮುಂದುವರಿಯಬಹುದು, ಕೆಲವರಿಗೆ ವಾರಗಟ್ಟಲೆ. ಕೆಲವರಿಗೆ ಏನೂ ಆಗುವುದಿಲ್ಲ. ಚುಚ್ಚಿಸಿಕೊಂಡ ಮೇಲೆ ಒಂದು ಹದಿನೈದಿಪ್ಪತ್ತು ನಿಮಿಷ ಅಲ್ಲೇ ಕೂತಿರಿ, ತಲೆ ಸುತ್ತಿ ಬೀಳುವವರಿದ್ದಾರೆ. ಬೈಕ್ ಓಡಿಸಿಕೊಂಡು ವಾಪಸ್ ಬರುವ ಯೋಚನೆ ಬೇಡ.

ಸ್ಟೆರಾಯ್ಡ್ ಸೇರಿಸುತ್ತಾರಾ ಅಂತ ಖಂಡಿತ ಕೇಳಿ. ಮೈಗ್ರೇನ್‌ಗೆ ಅದನ್ನು ಸೇರಿಸಿದರೆ ಜಾಸ್ತಿ ಗುಣ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ತೊಂದರೆ ಮಾತ್ರ ಗೊತ್ತಿರುವಂಥದ್ದೇ: ಚುಚ್ಚಿದ ಕಡೆ ಕೂದಲು ಉದುರಿ ಬಿಲ್ಲೆಯಷ್ಟು ಬೋಳಾಗಬಹುದು, ಚರ್ಮ ತೆಳುವಾಗಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಶುಗರ್ ಏರಬಹುದು. ತಿಂಗಳು ತಿಂಗಳು ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಬರೀ ಮರಗಟ್ಟಿಸುವ ಔಷಧಿಯಲ್ಲೇ ಆಗುತ್ತದಾ ಅಂತ ಕೇಳುವುದು ನಿಮ್ಮ ಹಕ್ಕು.

ಪುರಾವೆ ಹೇಗಿದೆ? ಮಿಶ್ರ. ಚೆನ್ನಾಗಿದೆ ಅನ್ನುವ ಪ್ರಯೋಗಗಳಿವೆ, ಹುಸಿ ಸೂಜಿಗಿಂತ ಏನೂ ಜಾಸ್ತಿ ಇಲ್ಲ ಅನ್ನುವವೂ ಇವೆ. ನಮ್ಮ ದೇಶದ್ದೇ ಒಂದು ಇದೆ, ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯವರದ್ದು. ಕ್ರಾನಿಕ್ ಮೈಗ್ರೇನ್ ಇದ್ದವರಿಗೆ ಬರೀ ಟೋಪಿರಮೇಟ್ (ಮೈಗ್ರೇನ್ ಬರದಂತೆ ತಡೆಯಲು ದಿನಾ ನುಂಗುವ) ಗುಳಿಗೆ ಕೊಡುವುದಕ್ಕಿಂತ, ಅದರ ಜೊತೆಗೆ ಬ್ಲಾಕ್ ಹಾಕಿದಾಗ ಹೆಚ್ಚು ಗುಣ ಕಂಡಿತು. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಬ್ಲಾಕನ್ನು ಒಂಟಿಯಾಗಿ ನಂಬಬೇಡಿ. ತಡೆಯುವ ಗುಳಿಗೆ, ನಿದ್ದೆ, ಹೊತ್ತಿಗೆ ಊಟ, ಇವುಗಳ ಜೊತೆಗೆ ಇಟ್ಟುಕೊಳ್ಳಿ.

ಬಸುರಿಯರಿಗೂ, ಹಾಲುಣಿಸುವವರಿಗೂ ಲಿಡೋಕೇನ್ ಬ್ಲಾಕ್ ಒಂದು ಒಳ್ಳೆಯ ದಾರಿ. ಟೋಪಿರಮೇಟ್, ವಾಲ್ಪ್ರೊಯೇಟ್ ಬಸುರಿಯರಿಗೆ ಕೊಡಬಾರದ ಗುಳಿಗೆಗಳು, ಮಗುವಿಗೆ ತೊಂದರೆ. ಬಸುರಾಗುವ ಯೋಚನೆ ಇದ್ದರೆ ನಾಚಿಕೊಳ್ಳದೆ ಮೊದಲೇ ಹೇಳಿ, ಗಂಡನ ಮುಂದೆಯೋ ಅತ್ತೆಯ ಮುಂದೆಯೋ ಹೇಳಲು ಆಗದಿದ್ದರೆ ಅವರನ್ನು ಹೊರಗೆ ಕೂರಲು ಹೇಳಿ ಅಂತ ಡಾಕ್ಟರಿಗೇ ಹೇಳಿ. ಹಲ್ಲು ಕೀಳಿಸುವಾಗ ಮರಗಟ್ಟುವ ಸೂಜಿಗೆ ಅಲರ್ಜಿ ಆಗಿದ್ದರೆ, ತಲೆಬುರುಡೆಯ ಹಿಂಭಾಗದಲ್ಲಿ ಹಿಂದೆ ಆಪರೇಷನ್ ಆಗಿದ್ದರೆ, ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದರೆ, ಇದನ್ನೂ ಹೇಳಲೇಬೇಕು.

ಎಲ್ಲಿ ಕೇಳಬೇಕು? ಬಳ್ಳಾರಿಯಲ್ಲಿ ನಾವೆಲ್ಲ ಈಗಲೂ ವಿಮ್ಸ್ ಅನ್ನುವ ಮೆಡಿಕಲ್ ಕಾಲೇಜು ಇದೆ, ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲೂ ಮೆಡಿಕಲ್ ಕಾಲೇಜು ಇದೆ. ನ್ಯೂರಾಲಜಿ ಡಾಕ್ಟರು ಸಿಗದಿದ್ದರೆ ಅನಸ್ತೇಶಿಯಾ ವಿಭಾಗದಲ್ಲಿ ವಿಚಾರಿಸಿ. ನರಕ್ಕೆ ಮರಗಟ್ಟಿಸುವ ಸೂಜಿ ಹಾಕುವುದು ಅವರ ದಿನನಿತ್ಯದ ಕೆಲಸ, ನೋವಿನ ಚಿಕಿತ್ಸೆಯಲ್ಲೇ ತರಬೇತಿ ಪಡೆದವರೂ ಅವರಲ್ಲಿ ಇರುತ್ತಾರೆ. ಆದರೆ ನಿಮ್ಮದು ಮೈಗ್ರೇನೇ ಅಂತ ಮೊದಲು ನ್ಯೂರಾಲಜಿಸ್ಟ್ ಒಬ್ಬರು ನೋಡಿ ಬರೆದುಕೊಟ್ಟಿರಲಿ. ಒಮ್ಮೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ರೋಗ ಗುರುತಿಸಿಕೊಂಡು ಬಂದು, ಸೂಜಿಯನ್ನು ಇಲ್ಲೇ ಹಾಕಿಸಿಕೊಳ್ಳುವುದು ಒಳ್ಳೆಯ ಹೊಂದಾಣಿಕೆ.

ಬೊಟಾಕ್ಸ್

ಕ್ರಾನಿಕ್ ಮೈಗ್ರೇನ್‌ಗೆ ಸೂಜಿಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಇದೇ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಸುಕ್ಕು ತೆಗೆಯುವ ಅದೇ ಔಷಧಿ, ಆದರೆ ಇಲ್ಲಿ ಕೆಲಸ ಬೇರೆ. ನೋವಿನ ನರತುದಿಗಳಿಂದ ಸಿಜಿಆರ್‌ಪಿ ಮುಂತಾದ, ನೋವು ಏರಿಸುವ ರಾಸಾಯನಿಕ ಹೊರಬರದಂತೆ ತಡೆಯುತ್ತದೆ.

ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ: 31 ಜಾಗ, ಒಂದೊಂದಕ್ಕೆ 5 ಯುನಿಟ್, ಒಟ್ಟು 155 ಯುನಿಟ್, 12 ವಾರಕ್ಕೊಮ್ಮೆ. ಹಣೆ ಮತ್ತು ಹುಬ್ಬಿನ ಸುತ್ತ 7, ಎರಡೂ ಕಪಾಳ ಸೇರಿ 8, ಹಿಂದಲೆಗೆ 6, ಕತ್ತಿಗೆ 4, ಭುಜದ ಮೇಲ್ಭಾಗಕ್ಕೆ 6. ಬೇಕಾದರೆ 195 ಯುನಿಟ್‌ವರೆಗೆ ಹೋಗಬಹುದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ಕ್ಲಿನಿಕ್‌ನಲ್ಲಿ ಹುಬ್ಬಿನ ನಡುವೆ ಬರೀ ನಾಲ್ಕೈದು ಕಡೆ ಚುಚ್ಚಿ "ಮೈಗ್ರೇನ್ ಬೊಟಾಕ್ಸ್ ಆಯಿತು" ಅಂತ ನಮಗೆ ಬಿಲ್ ಕೊಟ್ಟರು. ಅದು ಪರೀಕ್ಷೆಯಾದ ಚಿಕಿತ್ಸೆಯೇ ಅಲ್ಲ. ಅದು ಕೆಲಸ ಮಾಡಲಿಲ್ಲ ಅಂದರೆ ಬೊಟಾಕ್ಸ್ ಕೆಲಸ ಮಾಡಲಿಲ್ಲ ಅಂತ ಅರ್ಥವಲ್ಲ. ಎಷ್ಟು ಜಾಗ, ಎಷ್ಟು ಯುನಿಟ್, ಯಾವ ಕಂಪನಿಯದು, ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ಕಂಪನಿಯ ಯುನಿಟ್ ಇನ್ನೊಂದು ಕಂಪನಿಯ ಯುನಿಟ್‌ಗೆ ಸಮ ಅಲ್ಲ, ಹಾಗಾಗಿ ಅಗ್ಗದ್ದು ಅಂತ ಬೇರೆ ಕಂಪನಿಯದ್ದನ್ನು ಅದೇ ಲೆಕ್ಕದಲ್ಲಿ ಹಾಕುವುದು ಸರಿಯಲ್ಲ.

ನಮ್ಮ ಊರಿಗೆ ಇನ್ನೊಂದು ಎಚ್ಚರ ಬೇಕು. ಈ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಏಪ್ರಿಲ್-ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಕೆಲವು ಕಡೆ "ಔಷಧಿ ನೀವೇ ತನ್ನಿ" ಅನ್ನುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಸಿಂಧನೂರಿನಿಂದ ಬರುವಷ್ಟರಲ್ಲಿ ಅದರ ಗತಿ ಏನಾಗಬೇಡ! ಆಸ್ಪತ್ರೆಯವರೇ ತರಿಸಿಡಲಿ, ನಿಮ್ಮ ಕಣ್ಣೆದುರಿಗೇ ಬಾಟಲಿ ತೆರೆಯಲಿ. ಬ್ಯಾಚ್ ಸ್ಟಿಕ್ಕರನ್ನು ಫೈಲಿಗೆ ಅಂಟಿಸಿಕೊಳ್ಳಿ.

ಗುಣ ಎಷ್ಟು? ದೊಡ್ಡ ಪ್ರಯೋಗಗಳಲ್ಲಿ, ಪ್ರೀಎಂಪ್ಟ್ ಅಂತ ಅವುಗಳ ಹೆಸರು, 24 ವಾರದ ಹೊತ್ತಿಗೆ ಬೊಟಾಕ್ಸ್ ಹಾಕಿಸಿಕೊಂಡವರಿಗೆ ತಿಂಗಳಿಗೆ ಸರಾಸರಿ 8.4 ತಲೆನೋವಿನ ದಿನ ಕಡಿಮೆಯಾದವು. ಬರೀ ಉಪ್ಪುನೀರು ಚುಚ್ಚಿದವರಿಗೂ 6.6 ದಿನ ಕಡಿಮೆಯಾದವು. ಇದನ್ನು ಎರಡು ಸಲ ಓದಿ. ಔಷಧಿಯದ್ದೇ ಅಂತ ಹೇಳಬಹುದಾದ ಸರಾಸರಿ ವ್ಯತ್ಯಾಸ ಎರಡು ದಿನದಷ್ಟು. ಸರಾಸರಿ ಅಂದರೆ ಕೆಲವರಿಗೆ ಬಹಳ, ಕೆಲವರಿಗೆ ಸೊನ್ನೆ. ತಿಂಗಳಿಗೆ ಇಪ್ಪತ್ತು ದಿನ ನೋವಿರುವವರಿಗೆ ನಾಲ್ಕು ದಿನ ಹೆಚ್ಚು ಕೆಲಸಕ್ಕೆ ಹೋಗುವಂತಾದರೂ ಅದು ಸಣ್ಣ ಮಾತಲ್ಲ, ಆದರೆ "ಪೂರ್ತಿ ಹೋಗುತ್ತೆ" ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ತೊಂದರೆಗಳೆಂದರೆ ಕತ್ತು ನೋವು, ಕೆಲವು ವಾರ ರೆಪ್ಪೆ ಜೋತು ಬೀಳುವುದು, ಹುಬ್ಬು ಏರುಪೇರಾಗುವುದು. ತಾನಾಗಿಯೇ ಸರಿಹೋಗುತ್ತದೆ. ಮಯಸ್ಥೀನಿಯಾ ಎಂಬ ಸ್ನಾಯು ಕಾಯಿಲೆ ಇದ್ದವರಿಗೆ ಬೇಡ, ಬಸುರಿಯರಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. ನಮ್ಮ ಕಡೆ ಹೊಲಿಗೆ ಕೆಲಸದವರು, ಭತ್ತ ನಾಟಿ ಮಾಡುವವರು, ತಲೆ ಮೇಲೆ ಹೊರೆ ಹೊರುವವರು ಬಹಳ. ಕತ್ತಿನ ಸ್ನಾಯು ಸ್ವಲ್ಪ ಸೋತರೂ ಇವರಿಗೆ ಕಷ್ಟ. ನಿಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2012ರಲ್ಲಿ ಒಂದು ಒಳ್ಳೆಯ ನಿಯಮ ಮಾಡಿತು. ತಡೆಯುವ ಗುಳಿಗೆಗಳಲ್ಲಿ ಕನಿಷ್ಠ ಮೂರು ಸೋತಿರಬೇಕು, ಆಮೇಲೆ ಬೊಟಾಕ್ಸ್. ಎರಡು ಸುತ್ತು ಹಾಕಿದರೂ ತಲೆನೋವಿನ ದಿನ ಶೇ 30ರಷ್ಟು ಇಳಿಯದಿದ್ದರೆ ನಿಲ್ಲಿಸಬೇಕು. ಕೈಯಿಂದ ದುಡ್ಡು ಹಾಕುವ ನಮಗೆ ಈ ನಿಯಮ ಇನ್ನೂ ಹೆಚ್ಚು ಬೇಕು, ಅಲ್ವಾ?

ಉಳಿದವು

ಮೂಗಿನ ಬ್ಲಾಕ್, ಅಂದರೆ ಸ್ಫೀನೋಪ್ಯಾಲಟೈನ್ ಬ್ಲಾಕ್. ಮೂಗಿನ ಹಿಂಭಾಗದ ನರಗಂಟಿಗೆ ಮರಗಟ್ಟುವ ಔಷಧಿಯನ್ನು ಹತ್ತಿಕಡ್ಡಿಯಿಂದಲೋ ಸಣ್ಣ ನಳಿಕೆಯಿಂದಲೋ ಮುಟ್ಟಿಸುತ್ತಾರೆ. ಸೂಜಿ ಇಲ್ಲ, ಗಂಟಲಿಗೆ ಕಹಿ ಇಳಿಯುತ್ತದೆ. ಆ ಹೊತ್ತಿನ ನೋವಿಗೆ ಆರಾಮ ಸಿಗಬಹುದು. ತಿಂಗಳುಗಟ್ಟಲೆ ಗುಣ ಉಳಿಯುತ್ತದೆ ಅಂತ ತೋರಿಸಿಲ್ಲ.

ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿಯಲ್ಲಿ ನರದ ಪಕ್ಕ ಸೂಜಿ ಇಟ್ಟು ವಿದ್ಯುತ್ತಿನ ಸಣ್ಣ ಸಣ್ಣ ಅಲೆ ಬಿಡುತ್ತಾರೆ, ಶಾಖ 42 ಡಿಗ್ರಿ ಮೀರದಂತೆ. ನರ ಸುಡುವುದಿಲ್ಲ. ಪ್ರಯೋಗಗಳು ಸಣ್ಣವು, ಬೆಲೆ ಬ್ಲಾಕ್‌ಗಿಂತ ಬಹಳ ಜಾಸ್ತಿ. ಯಾರಾದರೂ ಇದನ್ನು ಹೇಳಿದರೆ "ಪಲ್ಸ್ಡ್ ಹೌದಾ, ಅಥವಾ ಸುಡುವುದಾ?" ಅಂತ ನೇರ ಕೇಳಿ. ಸುಡುವುದಾದರೆ ಬೇಡ ಅನ್ನುತ್ತೇನೆ, ಮರಗಟ್ಟುವಿಕೆಯೋ ಹೊಸ ನರನೋವೋ ಉಳಿದುಬಿಡಬಹುದು.

ಚರ್ಮದ ಮೇಲಿಂದಲೇ ನರಕ್ಕೆ ಸಣ್ಣ ವಿದ್ಯುತ್ ಕೊಡುವ ಮಷಿನ್‌ಗಳು. ಹಣೆಗೆ ಅಂಟಿಸುವ ಸೆಫಾಲಿ, ಇದಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ತೋಳಿಗೆ ಕಟ್ಟಿ 45 ನಿಮಿಷ ಬಳಸುವ ನೆರಿವಿಯೋ, ಇದನ್ನು ಡಾ. ರೆಡ್ಡೀಸ್ ಭಾರತಕ್ಕೆ ತಂದಿದೆ. ಚುಚ್ಚುವುದಿಲ್ಲ, ಗುಳಿಗೆಯೂ ಅಲ್ಲ. ಸೂಜಿಗೆ ಹೆದರುವವರಿಗೆ, ಗುಳಿಗೆ ಕಡಿಮೆ ಮಾಡಲೇಬೇಕಾದವರಿಗೆ ನೋಡಬಹುದಾದ ದಾರಿ. ಕೊಳ್ಳುವ ಮುಂಚೆ ಎಷ್ಟು ಸಲ ಬಳಸಬಹುದು, ಮುಗಿದ ಮೇಲೆ ಮತ್ತೆ ಎಷ್ಟು ಕೊಡಬೇಕು ಅಂತ ಕೇಳಿ. ವರ್ಷದ ಲೆಕ್ಕ ಇಲ್ಲೂ ಅಷ್ಟೇ ಮುಖ್ಯ.

ಚರ್ಮದ ಕೆಳಗೆ ತಂತಿ, ಬ್ಯಾಟರಿ ಕೂರಿಸುವ ಆಕ್ಸಿಪಿಟಲ್ ಸ್ಟಿಮ್ಯುಲೇಟರ್ ಲಕ್ಷಗಟ್ಟಲೆಯ ಬಾಬತ್ತು. 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ತಂತಿ ಜರುಗುವುದು, ಸೋಂಕಾಗುವುದು ಅಪರೂಪವಲ್ಲ. ಜರುಗಿದರೆ ಮತ್ತೆ ಆಪರೇಷನ್, ಅದೂ 300 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ನಮ್ಮಂಥವರು ಇದನ್ನು ಕೊನೆಯ ಸಾಲಿನಲ್ಲಿಡಬೇಕು.

ಆಪರೇಷನ್ ಬಗ್ಗೆ ಸ್ವಲ್ಪ ಬಿಡಿಸಿ

"ನರ ಬಿಡಿಸುವ ಆಪರೇಷನ್, ಒಂದೇ ಸಲಕ್ಕೆ ಮುಗಿಯುತ್ತೆ" ಅಂತ ಕೇಳಿ ಆಸೆಪಡುವವರಿದ್ದಾರೆ. ಆಸೆ ಸಹಜ, ನಮಗೂ ಇತ್ತು. ಹಾಗಾಗಿ ಇದರ ಹಿನ್ನೆಲೆ ತಿಳಿದಿರಲಿ. ಅಮೆರಿಕದ ಕ್ಲೀವ್‌ಲ್ಯಾಂಡಿನ ಪ್ಲಾಸ್ಟಿಕ್ ಸರ್ಜನ್ ಬಹ್ಮನ್ ಗುಯುರಾನ್ ಅವರ ಬಳಿ ಹುಬ್ಬು ಎತ್ತಿಸಿಕೊಂಡ ಕೆಲವರು ತಮ್ಮ ಮೈಗ್ರೇನೂ ಹೋಯಿತು ಅಂದರು. ಅಲ್ಲಿಂದ ನರವನ್ನು ಒತ್ತುವ ಸ್ನಾಯು ತೆಗೆಯುವ ಆಪರೇಷನ್ ಬೆಳೆಯಿತು. 2009ರಲ್ಲಿ 75 ಜನರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಬರೀ ಚರ್ಮ ಬಿಡಿಸಿ, ಒಳಗೆ ಏನೂ ತೆಗೆಯದೆ ಹೊಲಿದರು. ಒಂದು ವರ್ಷದ ಮೇಲೆ ನಿಜವಾದ ಆಪರೇಷನ್ ಆದವರಲ್ಲಿ ಶೇ 57ರಷ್ಟು ಜನರಿಗೆ ಮೈಗ್ರೇನ್ ಪೂರ್ತಿ ಹೋಗಿತ್ತು, ಬರೀ ಹೊಲಿದವರಲ್ಲಿ ಶೇ 4ರಷ್ಟು.

ಕೇಳಲು ಅದ್ಭುತ. ಆದರೆ ಅದೇ ಪ್ರಯೋಗದಲ್ಲಿ ಬರೀ ಹೊಲಿಸಿಕೊಂಡವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ನೋವು ಅರ್ಧದಷ್ಟಾದರೂ ಇಳಿದಿತ್ತು. ಏನೂ ಮಾಡದೇ ಇದ್ದರೂ! ಹಾಗಾಗಿ "ನಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆದ ಮೇಲೆ ಅರ್ಧ ಕಡಿಮೆಯಾಯಿತು" ಅನ್ನುವ ಮಾತು ಸುಳ್ಳಲ್ಲ, ಆದರೆ ಅದು ಆಪರೇಷನ್ನಿನದ್ದೇ ಗುಣ ಅಂತಲೂ ಹೇಳಲಾಗದು. ಬೊಟಾಕ್ಸ್‌ಗೆ ಗುಣ ಕಂಡವರನ್ನೇ ಆರಿಸಿಕೊಂಡು ಮಾಡಿದ ಪ್ರಯೋಗ ಅದು. ಅಮೆರಿಕದ ತಲೆನೋವು ತಜ್ಞರ ಸಂಘ 2013ರಲ್ಲಿ ಸ್ಪಷ್ಟವಾಗಿಯೇ ಹೇಳಿತು: ಸಂಶೋಧನೆಯ ಹೊರಗೆ ಈ ಆಪರೇಷನ್ನನ್ನು ಶಿಫಾರಸು ಮಾಡಬೇಡಿ. ಪ್ಲಾಸ್ಟಿಕ್ ಸರ್ಜನ್‌ಗಳು ಇದನ್ನು ಒಪ್ಪುವುದಿಲ್ಲ, ವಾದ ಇನ್ನೂ ನಡೆದಿದೆ. ನನ್ನ ಮಾತು ಕೇಳುವುದಾದರೆ, ಬ್ಲಾಕ್ ಕೆಟ್ಟರೆ ಕೆಲವು ವಾರದಲ್ಲಿ ಎಲ್ಲ ಮೊದಲಿನಂತಾಗುತ್ತದೆ, ಬೊಟಾಕ್ಸ್ ಕೆಟ್ಟರೆ ಮೂರು ನಾಲ್ಕು ತಿಂಗಳಲ್ಲಿ. ಕತ್ತರಿಸಿ ತೆಗೆದ ಸ್ನಾಯು ಮತ್ತೆ ಬರುವುದಿಲ್ಲ. ವಾಪಸ್ ಬರಬಹುದಾದ ದಾರಿಗಳನ್ನೆಲ್ಲ ಮೊದಲು ನೋಡಿ.

ವರ್ಷದ ಲೆಕ್ಕ ಹಾಕುವ ಬಗೆ

ಒಂದು ಹಾಳೆ ತೆಗೆದುಕೊಳ್ಳಿ. ವರ್ಷಕ್ಕೆ ಎಷ್ಟು ಸಲ ಮಾಡಿಸಬೇಕು ಅಂತ ಮೊದಲು ಬರೆಯಿರಿ. ಬೊಟಾಕ್ಸ್ ಆದರೆ ನಾಲ್ಕು. ಬ್ಲಾಕ್ ಆದರೆ ಡಾಕ್ಟರು ಹೇಳಿದಷ್ಟು, ಮೊದಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಹಾಕುವವರೂ ಇದ್ದಾರೆ. ಪ್ರತಿ ಸಲದ ಔಷಧಿ, ಡಾಕ್ಟರ್ ಫೀ, ಬಸ್ಸು ಅಥವಾ ರೈಲಿನ ಖರ್ಚು, ಜೊತೆಗೆ ಬರುವವರ ಖರ್ಚು, ಇಬ್ಬರ ಕೂಲಿ ಹೋಗುವುದು, ಎಲ್ಲ ಸೇರಿಸಿ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟರೂ ಬೆಂಗಳೂರಿನಲ್ಲಿ ಒಂದು ಇಡೀ ದಿನ ಹೋಗುತ್ತದೆ, ನಿದ್ದೆಗೆಟ್ಟು ಮೈಗ್ರೇನ್ ಬರುವುದು ಬೇರೆ. ರಾಯಚೂರಿನವರಿಗೆ ಹೈದರಾಬಾದ್, ಕೊಪ್ಪಳದವರಿಗೆ ಹುಬ್ಬಳ್ಳಿ ಹತ್ತಿರ. ಹೆಸರು ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ದೂರದ ಊರು ಆರಿಸಬೇಡಿ.

ಔಷಧಿಯ ಬೆಲೆಯಲ್ಲೇ ಬೊಟಾಕ್ಸ್ ಒಂದು ಸುತ್ತಿಗೆ ಹತ್ತಾರು ಸಾವಿರ ಆಗುತ್ತದೆ, 100 ಯುನಿಟ್ಟಿನ ಒಂದು ಬಾಟಲಿ ಸಾಲುವುದಿಲ್ಲವಲ್ಲ. ಬ್ಲಾಕ್‌ನ ಔಷಧಿ ಅಗ್ಗ, ಕೊಡುವುದು ಹೆಚ್ಚಾಗಿ ಕೈಚಳಕಕ್ಕೆ. ಇನ್ಶೂರೆನ್ಸ್ ಅಥವಾ ಇಎಸ್‌ಐ ಇದ್ದರೆ, ಆಯುಷ್ಮಾನ್ ಕಾರ್ಡ್ ಇದ್ದರೆ, ಚಿಕಿತ್ಸೆಯ ಪೂರ್ತಿ ಹೆಸರು ಹೇಳಿ ಮೊದಲೇ ಕೇಳಿ, ಆಗುತ್ತದೆ ಅಂದರೆ ಬರಹದಲ್ಲಿ ತೆಗೆದುಕೊಳ್ಳಿ. ಬೊಟಾಕ್ಸ್ ಅಂದ ಕೂಡಲೇ ಸೌಂದರ್ಯ ಚಿಕಿತ್ಸೆ ಅಂತ ಕ್ಲೇಮ್ ತಳ್ಳಿಹಾಕುವ ಅಪಾಯ ಇರುತ್ತದೆ, ಹಾಗಾಗಿ ಚೀಟಿಯಲ್ಲಿ "ಕ್ರಾನಿಕ್ ಮೈಗ್ರೇನ್" ಅಂತ ಇರಲೇಬೇಕು. ಹಾಗೆಯೇ ತಿಂಗಳಿಗೊಮ್ಮೆ ಚರ್ಮದ ಕೆಳಗೆ ಹಾಕುವ, ಸಿಜಿಆರ್‌ಪಿಯನ್ನು ತಡೆಯುವ ಸೂಜಿಗಳ ಬಗ್ಗೆಯೂ ಒಮ್ಮೆ ವಿಚಾರಿಸಿ. ಅವು ನರಕ್ಕೆ ಚುಚ್ಚುವಂಥವಲ್ಲ, ದುಬಾರಿ, ಆದರೆ ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಇರಲಿ.

ನಿಮ್ಹಾನ್ಸ್‌ನವರು ಸೇರಿ ನಡೆಸಿದ ಕರ್ನಾಟಕದ ಅಧ್ಯಯನವೊಂದರಲ್ಲಿ ದೊಡ್ಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ವರ್ಷದೊಳಗೆ ಮೈಗ್ರೇನ್ ಬಂದಿತ್ತು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಇಷ್ಟು ಜನರಿಗೆ ಇದ್ದರೂ ಮನೆಗಳಲ್ಲಿ "ಸುಮ್ನೆ ನೆಪ" ಅನ್ನುವುದು ನಿಂತಿಲ್ಲ. ಮನೆಯವರ ಜೊತೆ ಕೂತು ಈ ಲೆಕ್ಕ ಹಾಕಿ. ವರ್ಷಪೂರ್ತಿ ನಡೆಯುವ ಚಿಕಿತ್ಸೆಗೆ ಒಬ್ಬರಾದರೂ ಜೊತೆ ನಿಲ್ಲಬೇಕು, ಅಡುಗೆ ನೋಡಿಕೊಳ್ಳಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು.

ಶುರು ಮಾಡುವ ದಿನವೇ ಡಾಕ್ಟರ ಎದುರು ಮೂರು ವಿಷಯ ಮಾತಾಡಿ ಫೈಲಿನಲ್ಲಿ ಬರೆಸಿ. ಈಗ ತಿಂಗಳಿಗೆ ಎಷ್ಟು ದಿನ ನೋವು, ಎಷ್ಟಕ್ಕೆ ಇಳಿದರೆ ಮುಂದುವರಿಸುತ್ತೇವೆ, ಎಷ್ಟು ಸುತ್ತಾದರೂ ಇಳಿಯದಿದ್ದರೆ ನಿಲ್ಲಿಸುತ್ತೇವೆ. ಬ್ಲಾಕ್ ಹಾಕಿಸಿದ ದಿನ, ಬೊಟಾಕ್ಸ್ ಹಾಕಿಸಿದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ. ಬೊಟಾಕ್ಸ್‌ನ ಗುಣ ಕಾಣಲು ಒಂದೆರಡು ವಾರ ಬೇಕು, ಎರಡನೇ ಸುತ್ತಿನವರೆಗೂ ತೀರ್ಮಾನ ಬೇಡ. ಬ್ಲಾಕ್ ಆದರೆ ಎರಡು ಮೂರು ಸಲದಲ್ಲೇ ತಿಳಿಯುತ್ತದೆ. ಮುಂದಿನ ಭೇಟಿಗೆ ಕ್ಯಾಲೆಂಡರಿನ ಹಾಳೆಗಳನ್ನೇ ಹರಿದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ, ಫೋಟೋ ಹೊಡೆದುಕೊಂಡು ಹೋದರೂ ಆಯಿತು. ಗೀಟುಗಳು ಇಳಿಯದಿದ್ದರೆ "ಇನ್ನೊಂದು ಸಲ ನೋಡೋಣ" ಅಂದಾಗ ಬೇಡ ಅನ್ನಲು ಹಿಂಜರಿಯಬೇಡಿ, ಮುಂದಿನ ಸಾಲಿನಲ್ಲಿ ಏನಿದೆ ಅಂತ ಕೇಳಿ.